ಐದು ಬೇಕಾದಲ್ಲಿ ಹತ್ತು: ದ್ರವ್ಯರಾಶಿಯುಳ್ಳ ಸ್ಪಿನ್-2 ಕಣವನ್ನು ಬರೆಯುವ ಬಗೆಗಳು

ಎಫ್-2 (1270) ಎಂಬ ಮೆಸಾನ್ ಪ್ರೋಟಾನಿಗಿಂತ ಮೂರನೇ ಒಂದು ಪಾಲಿನಷ್ಟು ಹೆಚ್ಚು ಭಾರದ ಕಣ. ಅದರ ಆಯಸ್ಸು ಎಷ್ಟೆಂದರೆ, ದಶಾಂಶ ಬಿಂದುವಿನ ಮುಂದೆ 23 ಸೊನ್ನೆ ಬರೆದು ಆಮೇಲೆ ಒಂದು 3 ಇಟ್ಟರೆ ಬರುವಷ್ಟು ಸೆಕೆಂಡು. ಅಷ್ಟರೊಳಗೆ ಅದು ಬಹುಪಾಲು ಎರಡು ಪಯಾನ್‌ಗಳಾಗಿ ಒಡೆದುಹೋಗುತ್ತದೆ. ಅದರ ಸ್ಪಿನ್ 2. ಎ-2 (1320), ಕೆ-2 (1430), ಚಾರ್ಮ್ ಕ್ವಾರ್ಕಿನ ಕೈ-ಸಿ-2 ಇವೆಲ್ಲ ಅದೇ ಸ್ಪಿನ್ನಿನ ಬಳಗದವು. ಸ್ಪಿನ್-2 ಎಂದೊಡನೆ ನಮ್ಮಲ್ಲಿ ಎಲ್ಲರೂ ಗುರುತ್ವವನ್ನು ಹೊರುವ, ತೂಕವಿಲ್ಲದ ಕಣವೆಂದು ಎಣಿಸಿದ ಗ್ರಾವಿಟಾನನ್ನು ನೆನೆಯುತ್ತಾರೆ. ಆದರೆ ಪ್ರಯೋಗಾಲಯ ಕಂಡಿರುವ ಸ್ಪಿನ್-2 ಕಣಗಳೆಲ್ಲ ಇಂಥ ತೂಕದವೇ. ಗ್ರಾವಿಟಾನ್ ಇನ್ನೂ ಒಂಟಿಯಾಗಿ ಯಾರ ಕೈಗೂ ಸಿಕ್ಕಿಲ್ಲ.

ದ್ರವ್ಯರಾಶಿ ಇರುವ ಸ್ಪಿನ್-2 ಕಣಕ್ಕೆ ಐದು ಸ್ಥಿತಿಗಳಿವೆ: ಒಂದು ದಿಕ್ಕನ್ನು ಗೊತ್ತುಮಾಡಿಕೊಂಡು ಅಳೆದರೆ ಸ್ಪಿನ್ನು 2, 1, 0, -1, -2 ಇವುಗಳಲ್ಲಿ ಒಂದಾಗಿ ಸಿಗುತ್ತದೆ. ದ್ರವ್ಯರಾಶಿ ಇಲ್ಲದ್ದಕ್ಕೆ ತುದಿಯ ಎರಡು ಮಾತ್ರ. ಒಂದು ಕಣ ಎಂದರೆ ಇಷ್ಟು ದ್ರವ್ಯರಾಶಿ, ಇಷ್ಟು ಸ್ಪಿನ್, ಅದಕ್ಕಿಂತ ಹೆಚ್ಚೇನೂ ಅಲ್ಲ ಎಂದು ಯೂಜೀನ್ ವಿಗ್ನರ್ 1939ರಲ್ಲಿ ತೋರಿಸಿದರು. ಆದರೆ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದನ್ನು, ವಿದ್ಯುತ್ ಕ್ಷೇತ್ರದಲ್ಲಿ ಬಾಗುವುದನ್ನು ಲೆಕ್ಕ ಹಾಕಬೇಕಾದರೆ ನಮಗೆ ಕ್ಷೇತ್ರ ಬೇಕು. ಎಂದರೆ, ದೇಶ-ಕಾಲದ ಪ್ರತಿ ಬಿಂದುವಿನಲ್ಲಿ ಕೆಲವು ಸಂಖ್ಯೆಗಳ ಗುಂಪು. ಐದು ಸ್ಥಿತಿಗಳನ್ನು ಹೊರಲು ಎಂಥ ಗುಂಪು ಬೇಕು? ಪ್ರಕೃತಿ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಕಳೆದ ಎಂಟು ದಶಕಗಳಲ್ಲಿ ಹುಟ್ಟಿದ ಹಲವು ಉತ್ತರಗಳಲ್ಲಿ ಒಂದರ ಬೇರು ಬೆಂಗಳೂರಿನಲ್ಲಿದೆ. ಅದು ನಮ್ಮಲ್ಲೇ ಅಷ್ಟಾಗಿ ಗೊತ್ತಿಲ್ಲ.

ಪಠ್ಯಪುಸ್ತಕಗಳ ಉತ್ತರ ಮಾರ್ಕುಸ್ ಫಿಯರ್ಟ್ಸ್ ಮತ್ತು ವೋಲ್ಫ್‌ಗಾಂಗ್ ಪೌಲಿ ಅವರದು. ಅದೂ 1939ರದೇ. ಅವರು ತೆಗೆದುಕೊಂಡದ್ದು ಸಮಮಿತೀಯ ಟೆನ್ಸರನ್ನು. ನಾಲ್ಕು ಸಾಲು, ನಾಲ್ಕು ಕಂಬ, ಕರ್ಣದ ಆಚೀಚೆ ಒಂದೇ ಬೆಲೆ. ಹಾಗಾಗಿ ಹತ್ತು ಅಂಶಗಳು. ಬೇಕಾದದ್ದು ಐದು, ಬಂದದ್ದು ಹತ್ತು. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ದಾಲ್‌ಮಿಲ್ಲುಗಳ ಮುಂದೆ ಓಡಾಡುವವರಿಗೆ ಇದನ್ನು ಹೇಳುವುದು ಸುಲಭ: ಬೇಳೆ ಬೇಕೆಂದರೆ ತೊಗರಿಯನ್ನು ಸಿಪ್ಪೆಯ ಸಮೇತ ತರಬೇಕು, ಬಿಡಿಸುವ ಕೆಲಸ ಆಮೇಲಿನದು. ಟೆನ್ಸರಿನ ಡೈವರ್ಜೆನ್ಸ್ ಸೊನ್ನೆ ಎಂದರೆ ನಾಲ್ಕು ಹೋಗುತ್ತವೆ, ಕರ್ಣದ ಮೊತ್ತ ಸೊನ್ನೆ ಎಂದರೆ ಇನ್ನೊಂದು ಹೋಗುತ್ತದೆ, ಉಳಿದದ್ದು ಐದು. ಈ ಷರತ್ತುಗಳನ್ನು ಹೊರಗಿನಿಂದ ಅಂಟಿಸಿದರೆ ಸಾಲದು ಎನ್ನುವುದೇ ಅವರ ಲೇಖನದ ಜೀವಾಳ. ಕಣವನ್ನು ವಿದ್ಯುತ್ಕಾಂತೀಯ ಕ್ಷೇತ್ರದೊಳಗೆ ಇಟ್ಟ ಕೂಡಲೇ ಅಂಟಿಸಿದ ಷರತ್ತುಗಳೂ ಮೂಲ ಸಮೀಕರಣವೂ ಒಂದರೊಡನೊಂದು ಜಗಳಕ್ಕಿಳಿಯುತ್ತವೆ. ಆದ್ದರಿಂದ ಷರತ್ತುಗಳು ಲಗ್ರಾಂಜಿಯನ್‌ನಿಂದ, ಎಂದರೆ ಸಮೀಕರಣಗಳೆಲ್ಲ ಹುಟ್ಟುವ ಮೂಲ ಸೂತ್ರದಿಂದ, ತಾವಾಗಿಯೇ ಹೊರಬರಬೇಕು. ಹಾಗೆ ಬರಲು ದ್ರವ್ಯರಾಶಿಯ ಪದದಲ್ಲಿ ಎರಡು ತುಂಡುಗಳು ಇರಬೇಕು, ಅವುಗಳ ಗುಣಕ ಸರಿಯಾಗಿ ಒಂದಕ್ಕೆ ಮೈನಸ್ ಒಂದು ಆಗಿರಬೇಕು. ಕೂದಲೆಳೆ ಆಚೀಚೆ ಆದರೂ ಆರನೆಯ ಕಂಪನವೊಂದು ಜೀವ ಪಡೆಯುತ್ತದೆ. ಅದರ ಶಕ್ತಿ ನೆಗೆಟಿವ್. ಭೌತವಿಜ್ಞಾನಿಗಳು ಅದನ್ನು ಘೋಸ್ಟ್ ಎನ್ನುತ್ತಾರೆ.

ಅದೇ 1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆಂದು ಬಂದಿದ್ದ ಹೋಮಿ ಭಾಭಾ ಯುದ್ಧ ಶುರುವಾದ ಕಾರಣ ಇಲ್ಲೇ ಉಳಿದರು. ಸಿ.ವಿ. ರಾಮನ್ ಅವರಿದ್ದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಭೌತವಿಜ್ಞಾನ ವಿಭಾಗದಲ್ಲಿ ರೀಡರ್ ಆದರು. ಅವರು ಬೆಂಗಳೂರಿನಲ್ಲಿ ನಡೆಸಿದ ಕಾಸ್ಮಿಕ್ ಕಿರಣಗಳ ಕೆಲಸ ಎಲ್ಲರಿಗೂ ಗೊತ್ತು, ಆಮೇಲಿನ ಅಣುಶಕ್ತಿಯ ಕಥೆ ಇನ್ನೂ ಹೆಚ್ಚು ಗೊತ್ತು. ಮಧ್ಯೆ ಅವರ ತಲೆಯಲ್ಲಿದ್ದ ಇನ್ನೊಂದು ಪ್ರಶ್ನೆ ಮರೆಗೆ ಸರಿದಿದೆ. ಆಗ ಮೆಸಾನಿನ ಸ್ಪಿನ್ ಎಷ್ಟೆಂದು ಇತ್ಯರ್ಥವಾಗಿರಲಿಲ್ಲ. ಪ್ರೋಟಾನಿಗೆ ಹೆಚ್ಚಿನ ಸ್ಪಿನ್ನಿನ ಉದ್ರಿಕ್ತ ಸ್ಥಿತಿಗಳಿರಬೇಕೆಂದು ಭಾಭಾ ಅವರೇ ಊಹಿಸಿದ್ದರು. ಹಾಗಾದರೆ ಎಲ್ಲ ಸ್ಪಿನ್ನುಗಳಿಗೂ ಒಂದೇ ಅಚ್ಚಿನ ಸಮೀಕರಣ ಸಿಗುತ್ತದೆಯೇ? ಡಿರಾಕ್ ಸಮೀಕರಣ ಸ್ಪಿನ್ ಅರ್ಧಕ್ಕೆ, ಡಫಿನ್ ಮತ್ತು ಕೆಮ್ಮರ್ ಅವರದು ಸ್ಪಿನ್ 0 ಮತ್ತು 1ಕ್ಕೆ. ಎರಡರಲ್ಲೂ ಇರುವುದು ಮ್ಯಾಟ್ರಿಕ್ಸ್ ಗುಣಿಸಿದ ಮೊದಲ ದರ್ಜೆಯ ಅವಕಲನ ಮತ್ತು ಒಂದು ಸ್ಥಿರಾಂಕ, ಅಷ್ಟೇ. ಷರತ್ತುಗಳ ಬಾಲ ಇಲ್ಲ. ಭಾಭಾ ಅವರಿಗೆ ಬೇಕಾದದ್ದು ಆ ಸರಳತೆ. 1945ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅವರು ಪ್ರಕಟಿಸಿದ ದೀರ್ಘ ಲೇಖನದಲ್ಲಿ ಯಾವ ಸ್ಪಿನ್ನಿಗೂ ಹೊಂದುವ ಸಮೀಕರಣ ಇದೆ. ಅದರ ಮ್ಯಾಟ್ರಿಕ್ಸ್‌ಗಳು ಲೊರೆಂಟ್ಸ್ ಗುಂಪಿನ ಜೊತೆ ಸೇರಿ ಐದು ಆಯಾಮಗಳ ತಿರುಗುವಿಕೆಯ ಗುಂಪನ್ನು ಕಟ್ಟುತ್ತವೆ.

ಅಷ್ಟರಲ್ಲಿ ನಗರದ ಇನ್ನೊಂದು ಮಗ್ಗುಲಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ, ಬಿ.ಎಸ್. ಮಾಧವರಾವ್ ಇದೇ ಮ್ಯಾಟ್ರಿಕ್ಸ್‌ಗಳ ಬೀಜಗಣಿತಕ್ಕೆ ಕೈಹಾಕಿದ್ದರು. ಸ್ಪಿನ್ ಮೂರು-ಅರ್ಧದ ಮ್ಯಾಟ್ರಿಕ್ಸ್‌ಗಳು ಪಾಲಿಸುವ ನಿಯಮಗಳ ಬಗ್ಗೆ ಅವರ ಲೇಖನ 1942ರಲ್ಲಿ ಇಂಡಿಯನ್ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ ಬಂತು. 1946ರಲ್ಲಿ ವಿ.ಆರ್. ತಿರುವೆಂಕಟಾಚಾರ್ ಮತ್ತು ಕೆ. ವೆಂಕಟಾಚಲಯ್ಯಂಗಾರ್ ಅವರೊಡನೆ ಸೇರಿ ಬರೆದದ್ದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ವೆಂಕಟಾಚಲಯ್ಯಂಗಾರ್ ಅವರನ್ನು ಇವತ್ತು ಗಣಿತದವರು ನೆನೆಯುವುದು ರಾಮಾನುಜನ್ನರ ಎಲಿಪ್ಟಿಕ್ ಫಂಕ್ಷನ್‌ಗಳ ಮೇಲಿನ ಪುಸ್ತಕಕ್ಕಾಗಿ. ಇತ್ತ 1943ರಲ್ಲಿ ಅಲಹಾಬಾದಿನಿಂದ ಬಂದ ಹರೀಶ್‌ಚಂದ್ರ ಎಂಬ ಇಪ್ಪತ್ತರ ಹುಡುಗ ಭಾಭಾ ಅವರ ಕೈಕೆಳಗೆ ಎರಡು ವರ್ಷ ಕೆಲಸ ಮಾಡಿ, 1945ರಲ್ಲಿ ಡಿರಾಕ್ ಬಳಿಗೆ ಕೇಂಬ್ರಿಜ್‌ಗೆ ಹೋದರು. ಮುಂದೆ ಗುಂಪುಗಳ ನಿರೂಪಣೆಯ ಸಿದ್ಧಾಂತವನ್ನು ಹೊಸದಾಗಿ ಕಟ್ಟಿದ ಹರೀಶ್‌ಚಂದ್ರ ಇವರೇ. ಅವರನ್ನು ಆ ಗಣಿತದ ಕಡೆಗೆ ಒಯ್ದ ಹಾದಿ ಬೆಂಗಳೂರಿನ ಈ ಮ್ಯಾಟ್ರಿಕ್ಸ್‌ಗಳ ನಡುವಿನಿಂದಲೇ ಸಾಗಿತು ಎಂದು ನನಗೆ ಅನ್ನಿಸುತ್ತದೆ. ಅವರ ಮೊದಲ ಲೇಖನಗಳ ಶೀರ್ಷಿಕೆಗಳನ್ನು ಸಾಲಾಗಿ ಇಟ್ಟು ನೋಡಿದವರು ಬೇರೆ ಹೇಳಲಾರರು.

ಸ್ಪಿನ್ 2ಕ್ಕೆ ಭಾಭಾ ಸಮೀಕರಣ ಏನು ಕೊಡುತ್ತದೆ? ಐದು ಆಯಾಮದ ಗುಂಪಿನಲ್ಲಿ ಗರಿಷ್ಠ ಬೆಲೆ 2 ಆಗುವ ನಿರೂಪಣೆಗಳು ಮೂರು. ಒಂದಕ್ಕೆ 14 ಅಂಶ, ಮಿಕ್ಕೆರಡಕ್ಕೆ 35. ಹದಿನಾಲ್ಕರದನ್ನು ಬಿಡಿಸಿ ನೋಡಿದರೆ ಅದರಲ್ಲಿ ಚಲಿಸುವ ಸ್ಪಿನ್-2 ಕಣವೇ ಇಲ್ಲ. 35ರ ಒಂದರಲ್ಲಿ ಇದೆ, ಆದರೆ ಒಂಟಿಯಾಗಿ ಅಲ್ಲ: ಒಂದು ದ್ರವ್ಯರಾಶಿಗೆ ಸ್ಪಿನ್ 2, ಅದರ ಎರಡರಷ್ಟು ದ್ರವ್ಯರಾಶಿಗೆ ಇನ್ನೊಂದು ಸ್ಪಿನ್ 2 ಮತ್ತು ಒಂದು ಸ್ಪಿನ್ 1. ಷರತ್ತುಗಳನ್ನು ಬಾಗಿಲಾಚೆ ಕಳಿಸಿದ್ದಕ್ಕೆ ಬೇಡದ ಕಣಗಳು ಕಿಟಕಿಯಿಂದ ಒಳಬಂದವು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಸ್ಪಿನ್ 1 ದಾಟಿದ ಮೇಲೆ ಈ ಸಮೀಕರಣಗಳಲ್ಲಿ ಶಕ್ತಿಯಾಗಲಿ ಆವೇಶವಾಗಲಿ ಒಂದೇ ಚಿಹ್ನೆಯಲ್ಲಿ ನಿಲ್ಲುವುದಿಲ್ಲ. ಮೊದಲ ದರ್ಜೆಯ ಸಮೀಕರಣದಲ್ಲಿ ಒಂದೇ ದ್ರವ್ಯರಾಶಿ ಬೇಕಾದರೆ ಮ್ಯಾಟ್ರಿಕ್ಸ್ ಯಾವ ಷರತ್ತಿಗೆ ಒಳಪಡಬೇಕೆಂದು ಹರೀಶ್‌ಚಂದ್ರ 1947ರಲ್ಲಿ ಬರೆದರು. ಆ ಷರತ್ತನ್ನು ಪಾಲಿಸುವ ಸ್ಪಿನ್-2ರ ಮೊದಲ ದರ್ಜೆಯ ಸಮೀಕರಣಕ್ಕೆ 30 ಅಂಶ ಬೇಕು. ಅದನ್ನು ಬೆಳೆಸಿದವರು ಬೆಲರೂಸಿನ ಫೆಡೊರೊವ್ ಮತ್ತು ಅವರ ಶಿಷ್ಯರು. ಆದರೆ ಅದು ಫಿಯರ್ಟ್ಸ್-ಪೌಲಿಯನ್ನೇ ಉದ್ದ ಮಾಡಿ ಬರೆದ ಹಾಗೆ. ಭಾಭಾ ಸೋತರು ಎಂದು ಇದನ್ನು ಓದಬಾರದು. ಯಾವ ವಿವರಣೆ ಹಿಡಿದರೂ ಹೆಚ್ಚುವರಿ ಭಾರ ಮಾಯವಾಗುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ ಎನ್ನುವುದು ಮೊದಲು ಖಚಿತವಾಗಿ ಕಾಣಿಸಿದ್ದು ಬೆಂಗಳೂರಿನ ಈ ಲೆಕ್ಕಗಳಲ್ಲಿ. ಮುಂದಿನ ಎಲ್ಲ ಪ್ರಯತ್ನಗಳನ್ನೂ ನಾನು ಈ ಒಂದು ಪ್ರಶ್ನೆಯಿಂದಲೇ ಅಳೆಯುತ್ತೇನೆ: ಭಾರ ಎಲ್ಲಿಗೆ ಸರಿಯಿತು?

ಸ್ಟೀವನ್ ವೈನ್‌ಬರ್ಗ್ 1964ರಲ್ಲಿ ಹಿಡಿದ ದಾರಿ ನೋಡಿ. ಐದು ಬೇಕಾದರೆ ಐದನ್ನೇ ತೆಗೆದುಕೊಳ್ಳೋಣ, ಕನ್ನಡಿಯ ಬಿಂಬಕ್ಕೆ ಇನ್ನೈದು, ಅಷ್ಟೇ. ಅಂಶಗಳೇನೋ ಹತ್ತೇ, ಆದರೆ ಇಲ್ಲಿ ಬಿಡಿಸಬೇಕಾದ ಷರತ್ತುಗಳಿಲ್ಲ. ಬದಲಿಗೆ ಸಮೀಕರಣದ ದರ್ಜೆ ನಾಲ್ಕಕ್ಕೆ ಏರುತ್ತದೆ. ಚದುರುವಿಕೆಯ ಸೂತ್ರ ಬರೆಯಲು ಇದು ಸಾಕು, ಲಗ್ರಾಂಜಿಯನ್ ಇಟ್ಟುಕೊಂಡು ಸಂಸಾರ ಮಾಡುವುದು ಕಷ್ಟ.

ಇನ್ನೊಂದು ದಾರಿ ಥಾಮಸ್ ಕರ್ಟ್‌ರೈಟ್ ಮತ್ತು ಪೀಟರ್ ಫ್ರಾಯಿಂಡ್ ಅವರದು, 1980ರದು. ಇದು ನನಗೆ ಬಹಳ ಇಷ್ಟದ್ದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಲ್ಲಿ ಕ್ಷೇತ್ರಕ್ಕೆ ಮೂರು ಸೂಚ್ಯಂಕಗಳು. ಮೊದಲೆರಡನ್ನು ಅದಲು ಬದಲು ಮಾಡಿದರೆ ಚಿಹ್ನೆ ತಿರುಗುತ್ತದೆ. ಮೂರನ್ನೂ ಚಕ್ರದಂತೆ ಸುತ್ತಿಸಿ ಕೂಡಿದರೆ ಸೊನ್ನೆ. ನಾಲ್ಕು ಆಯಾಮದಲ್ಲಿ ಇದಕ್ಕೆ 20 ಅಂಶ. ನೋಡಲು ಫಿಯರ್ಟ್ಸ್-ಪೌಲಿಯ ಟೆನ್ಸರಿಗೂ ಇದಕ್ಕೂ ಸಂಬಂಧವೇ ಇಲ್ಲ. ಈಗ ಕಣವನ್ನು ನಿಲ್ಲಿಸಿ, ಅದರ ಜೊತೆ ನಿಂತು ನೋಡಿ. ಉಳಿದದ್ದು ದೇಶದ ಮೂರು ದಿಕ್ಕುಗಳು. ಮೂರು ಆಯಾಮದಲ್ಲಿ ಚಿಹ್ನೆ ತಿರುಗಿಸುವ ಸೂಚ್ಯಂಕಗಳ ಜೋಡಿ ಎಂದರೆ ಒಂದು ದಿಕ್ಕು, ಸುತ್ತುವ ಸಮತಲಕ್ಕೆ ಅಕ್ಷ ಇರುವ ಹಾಗೆ. ಹೀಗೆ ಜೋಡಿಯನ್ನು ಒಂದು ಸೂಚ್ಯಂಕವಾಗಿ ಬದಲಿಸಿದರೆ ಮೂರು ಸೂಚ್ಯಂಕದ ಕ್ಷೇತ್ರ ಎರಡು ಸೂಚ್ಯಂಕದ್ದಾಗುತ್ತದೆ. ಚಕ್ರದ ಷರತ್ತು ಕರ್ಣದ ಮೊತ್ತ ಸೊನ್ನೆ ಎನ್ನುತ್ತದೆ, ಇತ್ತ ಮೂರು ಸೂಚ್ಯಂಕದ ಮೂಲ ಕ್ಷೇತ್ರದ ಟ್ರೇಸ್ ಸೊನ್ನೆ ಎನ್ನುವ ಷರತ್ತು ಸಮಮಿತಿ ತರುತ್ತದೆ. ಮಿಕ್ಕದ್ದು ಸರಿಯಾಗಿ ಐದು. ಎಂದರೆ ಅದೇ ಕಣ. ದ್ರವ್ಯರಾಶಿ ಸೊನ್ನೆ ಮಾಡಿದರೆ ನಾಲ್ಕು ಆಯಾಮದಲ್ಲಿ ಇದೇ ಕ್ಷೇತ್ರ ಏನನ್ನೂ ಹೊರುವುದಿಲ್ಲ, ಖಾಲಿಯಾಗುತ್ತದೆ! ಫಿಯರ್ಟ್ಸ್-ಪೌಲಿಯಲ್ಲಿ ಹಾಗಲ್ಲ, ದ್ರವ್ಯರಾಶಿ ಹೋದರೂ ಎರಡು ಸ್ಥಿತಿ ಉಳಿಯುತ್ತವೆ. ತೂಕ ಇರುವ ತನಕ ಅವಳಿಗಳಂತಿದ್ದ ಎರಡು ವಿವರಣೆಗಳು ತೂಕ ಹೋದ ಕೂಡಲೇ ಬೇರೆ ಬೇರೆ ಊರು ಸೇರುತ್ತವೆ.

ಅಂತರಕ್ರಿಯೆಯ ಹೊತ್ತಿಗೂ ಹೀಗೆಯೇ. ಸಮಮಿತೀಯ ಟೆನ್ಸರು ಶಕ್ತಿ-ಸಂವೇಗವನ್ನು ನೇರವಾಗಿ ಹಿಡಿದುಕೊಳ್ಳುತ್ತದೆ, ಕರ್ಟ್‌ರೈಟ್ ಕ್ಷೇತ್ರ ಅದರ ಕರ್ಲ್ ಅನ್ನು, ಎಂದರೆ ಸುತ್ತುವಿಕೆಯನ್ನು ಅಳೆಯುವ ಅವಕಲನವನ್ನು, ಹಿಡಿಯುತ್ತದೆ. 2019ರಲ್ಲಿ ಕರ್ಟ್‌ರೈಟ್, ಹಸನ್ ಅಲ್ಶಾಲ್ ಅವರೊಡನೆ ಮತ್ತೆ ಈ ವಿಷಯಕ್ಕೆ ಮರಳಿ, ಕ್ಷೇತ್ರ ತನ್ನದೇ ಶಕ್ತಿ-ಸಂವೇಗದ ಕರ್ಲ್‌ಗೆ ಕಟ್ಟಿಕೊಳ್ಳುವ ಮೊದಲ ಹಂತದ ಲಗ್ರಾಂಜಿಯನ್ ಬರೆದರು. ಮುಂದಿನ ಹಂತಗಳ ಬಗ್ಗೆ ನನಗೆ ಹೆಚ್ಚು ಆಸೆಯಿಲ್ಲ. ದ್ರವ್ಯರಾಶಿ ಇಲ್ಲದ, ನಾಲ್ಕಕ್ಕಿಂತ ಹೆಚ್ಚು ಆಯಾಮಗಳ ಸೋದರ ಕ್ಷೇತ್ರಕ್ಕೆ ಐನ್‌ಸ್ಟೈನ್ ಮಾದರಿಯ ಸ್ವ-ಅಂತರಕ್ರಿಯೆಯನ್ನು ಸ್ಥಳೀಯವಾಗಿ ಕಟ್ಟಲಾಗದು ಎಂದು ಬೆಕಾರ್ಟ್, ಬುಲಾಂಜೆ, ಹೆನೋ 2003ರಲ್ಲೇ ತೋರಿಸಿದ್ದಾರೆ.

ಬ್ರೆಜಿಲ್‌ನ ಡೆನಿಸ್ ದಲ್ಮಾಜಿ ಮತ್ತು ಎಲಿಯಾಸ್ ಮೆಂಡೋನ್ಸಾ ಮುಂತಾದವರು ಹತ್ತಿರದ ಗಲ್ಲಿಗಳನ್ನು ಒಂದೊಂದಾಗಿ ನೋಡುತ್ತಿದ್ದಾರೆ: ಸಮಮಿತಿಯನ್ನೇ ಬಿಟ್ಟ, 16 ಅಂಶದ ಟೆನ್ಸರ್, ಫಿಯರ್ಟ್ಸ್-ಪೌಲಿ ಸಮೀಕರಣವನ್ನು ಮೇಲಿನ ದರ್ಜೆಯ ಲಗ್ರಾಂಜಿಯನ್ ಒಳಗೆ ಹುದುಗಿಸಿ ಘೋಸ್ಟ್ ಬರದಂತೆ ಕಾಯುವ ಉಪಾಯ. ಎರಡು ದೇಶ, ಒಂದು ಕಾಲ ಇರುವ ಲೋಕದಲ್ಲಂತೂ ಒಂದೇ ಸ್ಪಿನ್-2 ಕಣಕ್ಕೆ ಒಂದನೆಯ ದರ್ಜೆಯಿಂದ ನಾಲ್ಕನೆಯ ದರ್ಜೆಯವರೆಗೆ ಮೆಟ್ಟಿಲಿನಂತೆ ನಾಲ್ಕು ಸಿದ್ಧಾಂತಗಳಿವೆ. ಮೂರನೆಯ ಮೆಟ್ಟಿಲು 1982ರ ಡೆಸರ್, ಜಾಕಿವ್, ಟೆಂಪಲ್‌ಟನ್ ಅವರದು. ಆ ಲೋಕ ಬರೀ ಕಲ್ಪನೆಯಲ್ಲ. ಗ್ಯಾಲಿಯಂ ಆರ್ಸೆನೈಡಿನ ತೆಳು ಪದರದಲ್ಲಿ, ಬಲವಾದ ಕಾಂತಕ್ಷೇತ್ರದಲ್ಲಿ, ಎಲೆಕ್ಟ್ರಾನುಗಳ ದ್ರವ ಸ್ಪಿನ್-2 ಗುಣದ ಕಂಪನವೊಂದನ್ನು ತೋರುವುದನ್ನು 2024ರಲ್ಲಿ ಪ್ರಯೋಗ ಕಂಡಿತು.

ಇನ್ನು ಸಂಕಟದ ಕಥೆ. ಕಣಕ್ಕೆ ವಿದ್ಯುದಾವೇಶ ಕೊಟ್ಟರೆ ಏನಾಗುತ್ತದೆ? ಜಾನ್ಸನ್ ಮತ್ತು ಇ.ಸಿ.ಜಿ. ಸುದರ್ಶನ್ 1961ರಲ್ಲಿ ಸ್ಪಿನ್ ಮೂರು-ಅರ್ಧದ ಆವೇಶಿತ ಕ್ಷೇತ್ರವನ್ನು ಕ್ವಾಂಟಮ್ ನಿಯಮಕ್ಕೆ ತರಲು ಹೋಗಿ, ಧನವಾಗಿರಲೇಬೇಕಾದ ರಾಶಿ ಋಣವಾಗುವುದನ್ನು ಕಂಡರು. ವೆಲೊ ಮತ್ತು ಜ್ವಾನ್‌ಸಿಗರ್ 1969ರಲ್ಲಿ ಅದೇ ರೋಗದ ಇನ್ನೊಂದು ಮುಖ ತೋರಿಸಿದರು: ಅಲೆ ಬೆಳಕಿಗಿಂತ ವೇಗವಾಗಿ ಓಡುತ್ತದೆ. 1972ರಲ್ಲಿ ವೆಲೊ ಸ್ಪಿನ್-2ಕ್ಕೂ ಇದೇ ಗತಿ ಎಂದರು. ಸುದರ್ಶನ್ ಅವರೇ ಆ ದಶಕದ ಆರಂಭದಲ್ಲಿ ಬೆಂಗಳೂರಿಗೆ ಬಂದು ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸೆಂಟರ್ ಫಾರ್ ಥಿಯರೆಟಿಕಲ್ ಸ್ಟಡೀಸ್ ಕಟ್ಟಿದರು. ಇವತ್ತಿನ ಸೆಂಟರ್ ಫಾರ್ ಹೈ ಎನರ್ಜಿ ಫಿಸಿಕ್ಸ್‌ನ ಹಿಂದಿನ ರೂಪ ಅದು. ಭಾಭಾ ಎತ್ತಿದ್ದ ಪ್ರಶ್ನೆ ಮೂರು ದಶಕ ಕಳೆದು ಅದೇ ಆವರಣಕ್ಕೆ ಮರಳಿದಂತಾಯಿತು. ಸ್ಥಿರವಾದ ವಿದ್ಯುತ್ಕಾಂತೀಯ ಕ್ಷೇತ್ರದಲ್ಲಿ ನೆಟ್ಟಗೆ ನಡೆಯುವ ಆವೇಶಿತ ಸ್ಪಿನ್-2 ಲಗ್ರಾಂಜಿಯನ್ ಸಿಕ್ಕಿದ್ದು 1989ರಲ್ಲಿ, ಆರ್ಗೈರಿಸ್ ಮತ್ತು ನಾಪ್ಪಿ ಅವರಿಗೆ. ಅದೂ ತಂತು ಸಿದ್ಧಾಂತದಿಂದ, 26 ಆಯಾಮಗಳಲ್ಲಿ.

ಗುರುತ್ವದ ಕಡೆಯ ಸಂಕಟ ಇನ್ನೂ ಪ್ರಸಿದ್ಧ. ಗ್ರಾವಿಟಾನಿಗೇ ಸ್ವಲ್ಪ ತೂಕ ಇದ್ದರೆ? 1970ರಲ್ಲಿ ವಾನ್ ಡಾಮ್ ಮತ್ತು ವೆಲ್ಟ್‌ಮನ್, ಬೇರೆಯಾಗಿ ಜಖಾರೊವ್, ಲೆಕ್ಕ ಹಾಕಿ ನೋಡಿದರು. ತೂಕ ಎಷ್ಟೇ ಚಿಕ್ಕದಿರಲಿ, ಸೂರ್ಯನ ಅಂಚಿನಲ್ಲಿ ಬೆಳಕು ಬಾಗುವ ಕೋನ 1.75 ಆರ್ಕ್‌ಸೆಕೆಂಡಿನಿಂದ 1.31ಕ್ಕೆ ಇಳಿಯುತ್ತದೆ, ಕಾಲುಭಾಗ ಕಡಿಮೆ. ಅಳತೆ ಅದನ್ನು ಒಪ್ಪುವುದಿಲ್ಲ. ವೈನ್‌ಸ್ಟೈನ್ 1972ರಲ್ಲಿ ತಪ್ಪಿಸಿಕೊಳ್ಳುವ ದಾರಿ ತೋರಿಸಿದರು: ಸೂರ್ಯನ ಸುತ್ತಲಿನ ವಿಶಾಲ ವಲಯದಲ್ಲಿ ರೇಖೀಯ ಲೆಕ್ಕವೇ ಸಲ್ಲದು, ಐದರಲ್ಲಿ ಸ್ಪಿನ್ 0 ತೋರುವ ಸ್ಥಿತಿ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಅದೇ ವರ್ಷ ಬೌಲ್‌ವೇರ್ ಮತ್ತು ಡೆಸರ್, ಆ ಅರೇಖೀಯ ಪದಗಳು ಬಂದರೆ ಫಿಯರ್ಟ್ಸ್-ಪೌಲಿ ಓಡಿಸಿದ್ದ ಆರನೆಯ ಘೋಸ್ಟ್ ಮರಳುತ್ತದೆ ಎಂದರು. ಸುಮಾರು ನಲವತ್ತು ವರ್ಷ ಎಲ್ಲರೂ ಕೈಚೆಲ್ಲಿ ಕೂತರು. 2010-11ರಲ್ಲಿ ಕ್ಲಾಡಿಯಾ ಡಿ ರಾಮ್, ಗಬದಾದ್ಜೆ, ಟೋಲಿ ಅವರು ಘೋಸ್ಟ್ ಬಾರದ ಅಂತರಕ್ರಿಯೆಯನ್ನು ಕಟ್ಟಿದರು, ಹಸನ್ ಮತ್ತು ರೋಸನ್ ಅದು ಪೂರ್ತಿ ನಿಜವೆಂದು ಸಾಧಿಸಿದರು. ಅದರಲ್ಲಿ ಬರುವುದು ಮ್ಯಾಟ್ರಿಕ್ಸ್‌ನ ವರ್ಗಮೂಲ, ನೋಡಿದರೆ ಭಯವಾಗುವಂಥದ್ದು. 2012ರಲ್ಲಿ ಹಿಂಟರ್‌ಬಿಕ್ಲರ್ ಮತ್ತು ರೋಸನ್ ಮೆಟ್ರಿಕ್ಕನ್ನು ಬಿಟ್ಟು ವೀರ್‌ಬೈನ್‌ಗಳಲ್ಲಿ, ಎಂದರೆ ಪ್ರತಿ ಬಿಂದುವಿನಲ್ಲಿ ನಿಲ್ಲಿಸಿದ ಅಕ್ಷಗಳ ಚೌಕಟ್ಟುಗಳಲ್ಲಿ, ಬರೆದಾಗ ವರ್ಗಮೂಲ ಮಾಯವಾಯಿತು. ಘೋಸ್ಟ್ ಯಾಕೆ ಬರುವುದಿಲ್ಲ ಎನ್ನುವುದು ಒಂದೆರಡು ಸಾಲಿನಲ್ಲಿ ಕಾಣಿಸಿತು. ಬೇರೆ ಬೇರೆ ಚರಾಂಶಗಳಲ್ಲಿ ಬರೆದು ಏನು ಪ್ರಯೋಜನ, ಕಣ ಅದೇ ಅಲ್ಲವೇ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಹಾಗೆಂದು ಭಾರ ಕರಗಲಿಲ್ಲ. ಗ್ರಾವಿಟಾನಿನ ತೂಕವನ್ನು ವಿಶ್ವದ ಗಾತ್ರಕ್ಕೆ ಹೊಂದಿಸಿದರೆ, ಸರಳ ಲೆಕ್ಕದಲ್ಲಿ ಈ ಸಿದ್ಧಾಂತವನ್ನು ನಂಬಬಹುದಾದದ್ದು ಸುಮಾರು 1,000 ಕಿಲೋಮೀಟರಿಗಿಂತ ದೊಡ್ಡ ದೂರಗಳಲ್ಲಿ ಮಾತ್ರ. ಕಲಬುರಗಿಯಿಂದ ಬೆಂಗಳೂರಿಗೆ ಹೋಗುವ ದಾರಿಯೂ ಅಷ್ಟಿಲ್ಲ! ಕಾರ್ಯಕಾರಣದ ಕ್ರಮ ಕೆಡುತ್ತದೆ ಎನ್ನುವ ಡೆಸರ್ ಮತ್ತು ವಾಲ್ಡ್ರನ್ ಅವರ ಆಕ್ಷೇಪವೂ ಉಂಟು.

ಈಚಿನ ತಿರುವು ವೈನ್‌ಬರ್ಗ್ ಕಡೆಗೆ. ಎಲ್ಲ ಷರತ್ತುಗಳ ಮೂಲ ನಾವು ಕನ್ನಡಿಯ ಎರಡೂ ಬದಿಗಳನ್ನು ಒಟ್ಟಿಗೆ ಬರೆಯಲು ಹಟ ಹಿಡಿಯುವುದೇ ಆಗಿದ್ದರೆ, ಒಂದು ಬದಿಯನ್ನು ಮಾತ್ರ ಬರೆಯೋಣ ಎಂದು ಅಲೆಕ್ಸಾಂಡರ್ ಓಚಿರೊವ್ ಮತ್ತು ಯೆವ್ಗೆನಿ ಸ್ಕ್ವೋರ್ಟ್‌ಸೊವ್ 2022ರಲ್ಲಿ ಸೂಚಿಸಿದರು. ಐದೇ ಅಂಶ, ಎರಡನೆಯ ದರ್ಜೆಯ ಸಮೀಕರಣ, ಷರತ್ತು ಒಂದೂ ಇಲ್ಲ. ಭಾಭಾ ಬಯಸಿದ ಸರಳತೆ ಇದೇ ಅಲ್ಲವೇ? ಸರಿದ ಭಾರ ಸಿಗುವುದು ಎಡ-ಬಲದ ಸಮಾನತೆಯಲ್ಲಿ: ಅದು ಇಲ್ಲಿ ಕಣ್ಣಿಗೆ ಕಾಣುವಂತೆ ಇರುವುದಿಲ್ಲ, ಅಂತರಕ್ರಿಯೆಗಳನ್ನು ಆರಿಸುವಾಗ ಕೈಯಾರೆ ತರಬೇಕು. ಇವತ್ತಿನ ಬಗೆಗಳಲ್ಲಿ ನನ್ನ ಒಲವು ಇದರ ಕಡೆಗೇ, ಯಾಕೆಂದರೆ ಇದು ಕೆಲಸಕ್ಕೆ ಬರುತ್ತಿದೆ. ತಿರುಗುವ ಕಪ್ಪುಕುಳಿಯನ್ನು ದೂರದಿಂದ ನೋಡಿದರೆ ದ್ರವ್ಯರಾಶಿಯೂ ಸ್ಪಿನ್ನೂ ಇರುವ ಒಂದು ಕಣದಂತೆ ಲೆಕ್ಕ ಹಾಕಬಹುದು. ಎರಡು ಕಪ್ಪುಕುಳಿಗಳು ಸುತ್ತುತ್ತ ಹೊಮ್ಮಿಸುವ ಗುರುತ್ವದ ಅಲೆಯ ಲೆಕ್ಕಕ್ಕೆ ಈಗ ಇಂಥ ಸೂತ್ರಗಳು ನುಗ್ಗುತ್ತಿವೆ.

ಆ ಅಲೆಗಳು ಗ್ರಾವಿಟಾನಿನ ತೂಕದ ಮೇಲೆ ಮಿತಿಯನ್ನೂ ಹಾಕಿವೆ: 2015ರ ಸೆಪ್ಟೆಂಬರಿನಲ್ಲಿ ಹಿಡಿದ ಮೊದಲ ಅಲೆಯಿಂದಲೇ, ತೂಕ ಇದ್ದರೂ ಅದು ಎಲೆಕ್ಟ್ರಾನ್ ವೋಲ್ಟಿನ 1.2 × 10⁻²² ಪಾಲಿಗಿಂತ ಹೆಚ್ಚಿಲ್ಲ ಎಂದಾಯಿತು. ಅಲೆಯ ಕಂಪನ ಎಷ್ಟು ಬಗೆಯದು ಎನ್ನುವುದು ಇದಕ್ಕಿಂತ ಕಷ್ಟದ ಪ್ರಶ್ನೆ. ಐನ್‌ಸ್ಟೈನ್ ಹೇಳುವುದು ಎರಡು, ತೂಕದ ಗ್ರಾವಿಟಾನ್ ಹೇಳುವುದು ಐದು. ಈ ಅಲೆಗಳನ್ನು ಹಿಡಿಯುವ ಅಮೆರಿಕದ ಎರಡು ಲೈಗೋ ಯಂತ್ರಗಳು ಹೆಚ್ಚುಕಡಿಮೆ ಒಂದೇ ಭಂಗಿಯಲ್ಲಿರುವುದರಿಂದ ಇವನ್ನು ಬೇರ್ಪಡಿಸಲಾರವು. ಇಟಲಿಯ ವಿರ್ಗೊ ಸೇರಿದ ಮೇಲೆ, 2017ರ ಆಗಸ್ಟ್ 14ರ ಅಲೆಯಲ್ಲಿ ಮೊದಲ ಬಾರಿಗೆ ಇದನ್ನು ಪರೀಕ್ಷಿಸಲು ಆಯಿತು. ಕ್ಷಣಕಾಲದ ಅಲೆಯಲ್ಲಿ ಐದು ಬಗೆಗಳನ್ನೂ ಬಿಡಿಸಬೇಕಾದರೆ ಐದು ಕಡೆ ಯಂತ್ರಗಳಿರಬೇಕು. ನಾಲ್ಕನೆಯದು ಜಪಾನಿನ ಕಾಗ್ರಾ. ಐದನೆಯದಾದ ಲೈಗೋ-ಇಂಡಿಯಾಕ್ಕೆ ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ ಸುಮಾರು 2,600 ಕೋಟಿ ರೂಪಾಯಿ ಮಂಜೂರು ಮಾಡಿತು. ಗೊತ್ತಾದ ಜಾಗ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥ, ಕಲಬುರಗಿಯಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 250 ಕಿಲೋಮೀಟರ್.